ನಗುವ ಫೋಟೋಗಳಿಗೆ ಬಿದ್ದ ಬೀಗ

ಬೀದಿಯವರೆಲ್ಲ ಫೋಟೋ ಅಕ್ಕ ಎಂದು ಕರೆಯುವ ಸ್ಟುಡಿಯೋದ ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುತ್ತಿದ್ದದ್ದು ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಆಗಾಗ ತಲೆ ಎತ್ತುತ್ತಿದ್ದ ಒಂದು ಪುಟ್ಟ ಚೌಕ. ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲೋ ಆಮೇಲೆ ಹಾಕಲೋ ಎಂದು ಅದು ಕೇಳುತ್ತಿತ್ತು. ಅಕ್ಕ ಪೂರ್ತಿ ಓದುವುದಕ್ಕೂ ಹೋಗದೆ 'ಆಮೇಲೆ' ಎಂಬ ಗುಂಡಿ ಒತ್ತುತ್ತಿದ್ದಳು. ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಕಂಪ್ಯೂಟರ್ ಇದ್ದರೆ ಆ ಚೌಕ ನಿಮಗೂ ಗೊತ್ತಿರುತ್ತದೆ. ನೀವು ಯಾವ ಗುಂಡಿ ಒತ್ತುತ್ತೀರಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀವು ಬೇರೆ ಮಾತು ತೆಗೆಯುತ್ತೀರಿ.

ಅವಳು ಸೋಮಾರಿಯಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಗಂಡ ಹೆಂಡತಿ ಸೇರಿ ನಡೆಸುವ ಸ್ಟುಡಿಯೋ ಅದು. ಮುಂದಿನ ಕೋಣೆಯಲ್ಲಿ ಗಾಜಿನ ಕೌಂಟರು, ಹಿಂದಿನ ಕೋಣೆಯಲ್ಲಿ ನೀಲಿ ಪರದೆ, ದೀಪಗಳು, ಕೂರುವುದಕ್ಕೊಂದು ಸ್ಟೂಲು. ಗಂಡ ಫೋಟೋ ತೆಗೆಯುತ್ತಾನೆ. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಜನರ ಮೊಡವೆ ಅಳಿಸುತ್ತಾಳೆ, ಆಲ್ಬಮ್ ಜೋಡಿಸುತ್ತಾಳೆ, ಪ್ರಿಂಟ್ ತೆಗೆಯುತ್ತಾಳೆ. ಹಿಂದೊಮ್ಮೆ ಅಪ್‌ಡೇಟ್ ಹಾಕಿದ ಮೇಲೆ ಪ್ರಿಂಟರಿನ ಬಣ್ಣ ಕೆಟ್ಟು, ಒಂದು ಮದುವೆಯ ಎರಡೂ ಕಡೆಯ ಬೀಗರು ಕಾಮಾಲೆ ಹಿಡಿದವರಂತೆ ಹಳದಿ ಮುಖ ಹೊತ್ತು ಹೊರಗೆ ಬಂದಿದ್ದರು. ಮದುಮಗಳ ಅಪ್ಪ ಕೌಂಟರಿನ ಮುಂದೆ ನಿಂತು ಮಾಡಿದ ರಂಪ ಇಡೀ ಬೀದಿಗೆ ಕೇಳಿಸಿತ್ತು. ಅವತ್ತೇ ಅಕ್ಕ ತೀರ್ಮಾನ ಮಾಡಿದಳು, ಸರಿಯಾಗಿ ನಡೆಯುತ್ತಿರುವ ಯಂತ್ರದ ಮೈ ಇನ್ನು ಮುಟ್ಟುವುದಿಲ್ಲ ಎಂದು. ಬಣ್ಣದ ವಿಷಯದಲ್ಲಿ ಅವಳದು ಹಟವೆಂದರೆ ಹಟ.

ಸ್ಟುಡಿಯೋದ ಪಕ್ಕದಲ್ಲೇ ಟೈಲರಮ್ಮನ ಅಂಗಡಿ. ಅವಳಿಗೊಬ್ಬಳೇ ಮಗಳು. ಶಾಲೆಗೆ ಸೇರಿಸುವ ಅರ್ಜಿಗೆಂದು ಒಂದು ದಿನ ಮಗಳನ್ನು ಫೋಟೋಗೆ ಕರೆತಂದಳು. ತಾನೇ ಹೊಲಿದ, ಮುಂದೆ ದೊಡ್ಡ ಜೇಬಿದ್ದ ಫ್ರಾಕು ತೊಡಿಸಿದ್ದಳು. ಹುಡುಗಿಗೆ ಆಗಷ್ಟೇ ಮುಂದಿನ ಹಲ್ಲೊಂದು ಬಿದ್ದಿತ್ತು. ಸ್ಟೂಲಿನ ಮೇಲೆ ಕೂತವಳು ದೀಪ ಹೊತ್ತಿದರೆ ನಕ್ಕಳು, ಆರಿದರೆ ನಕ್ಕಳು. ಅರ್ಜಿಗೆ ನಗುವ ಫೋಟೋ ನಡೆಯುವುದಿಲ್ಲ, ಬಾಯಿ ಮುಚ್ಚಿಕೋ ಪುಟ್ಟಿ ಎಂದು ಅಕ್ಕ ಗದರಿಸಿ, ಗಲ್ಲ ಹಿಡಿದು ನೇರ ಕೂರಿಸಿ, ಅಂತೂ ಒಂದು ಫೋಟೋ ತೆಗೆಸಿದಳು. ಆಮೇಲೆ ಗಂಡನಿಗೂ ಹುಮ್ಮಸ್ಸು ಬಂತು. ಈಗ ಎಷ್ಟು ನಗ್ತೀಯೋ ನಗು ಎಂದು ಕ್ಯಾಮೆರಾ ಒತ್ತುತ್ತಲೇ ಹೋದ. ಜೇಬಿನೊಳಗೆ ಕೈ ಹಾಕಿ, ಸ್ಟೂಲಿನ ಮೇಲೆ ಹತ್ತಿ, ನೀಲಿ ಪರದೆಯ ಹಿಂದಿನಿಂದ ಇಣುಕಿ, ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅರ್ಜಿಗೆ ಬೇಕಾದ ಚಿಕ್ಕ ಫೋಟೋಗಳನ್ನು ಟೈಲರಮ್ಮ ಅವತ್ತೇ ಒಯ್ದಳು. ಹಾಳೆಯಲ್ಲಿ ಹೆಚ್ಚಾಗಿ ಬಂದದ್ದನ್ನು ಅಕ್ಕ ಎಂದಿನಂತೆ ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕಿದಳು. ಇಡೀ ಬೀದಿಯ ಮುಖಗಳು ಆ ಡಬ್ಬಿಯಲ್ಲಿ ಬಿದ್ದಿರುತ್ತವೆ. ನಗುವ ಫೋಟೋಗಳನ್ನು ಶಾಲೆ ಶುರುವಾದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸೋಣ ಎಂದು ಟೈಲರಮ್ಮ ಹೇಳಿದ್ದಳು.

ಶಾಲೆ ಶುರುವಾಗುವ ಮೊದಲೇ ಹುಡುಗಿ ಜ್ವರದಲ್ಲಿ ಹೋಗಿಬಿಟ್ಟಳು. ಆಸ್ಪತ್ರೆಯ ಓಡಾಟದಲ್ಲಿ ಟೈಲರಮ್ಮನ ಮೊಬೈಲೂ ಎಲ್ಲೋ ಬಿದ್ದುಹೋಯಿತು. ಅದರಲ್ಲಿದ್ದ ಚಿತ್ರಗಳೂ ಅದರ ಜೊತೆಗೇ ಹೋದವು. ಕೆಲವು ವಾರಗಳ ನಂತರ ಅವಳು ಸ್ಟುಡಿಯೋದ ಬಾಗಿಲಿಗೆ ಬಂದಳು, ಒಳಗೆ ಕಾಲಿಡಲಿಲ್ಲ.

"ಅಕ್ಕಾ, ಆ ನಗೋ ಫೋಟೋಗಳು ಇವೆಯಲ್ಲಾ?"

"ಇವೆ ಕಣಮ್ಮಾ. ಪ್ರಿಂಟ್ ಹಾಕಿಕೊಡಲಾ?"

"ಈಗ ಬೇಡ. ಈಗ ನೋಡಿದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ. ನಿಮ್ಮ ಹತ್ರಾನೇ ಇರ್ಲಿ. ನೋಡೋ ಧೈರ್ಯ ಬಂದಾಗ ಬರ್ತೀನಿ."

ನನ್ನ ಹತ್ತಿರ ಇದ್ದರೆ ನಿನ್ನ ಹತ್ತಿರ ಇದ್ದ ಹಾಗೇ, ಎಷ್ಟು ವರ್ಷ ಬೇಕಾದರೂ ಇರಲಿ ಎಂದು ಅಕ್ಕ ಮಾತು ಕೊಟ್ಟಳು. ಮನಸ್ಸಿನಿಂದಲೇ ಕೊಟ್ಟಳು. ಅವಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಬೇರೆ ಕಡೆ ಇತ್ತು.

ಆ ಕೊರತೆ ಕಂಡವಳು ಅಕ್ಕನ ವಾರಗಿತ್ತಿ, ಮೈದುನನ ಹೆಂಡತಿ. ಅವಳಿಗೆ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಈ ಇಬ್ಬರ ನಡುವೆ ಜಗಳವೇನೂ ಇಲ್ಲ, ಆದರೆ ವಾರಗಿತ್ತಿ ಹೇಳಿದ್ದನ್ನು ಅಕ್ಕ ಒಪ್ಪಿದ್ದೂ ಇಲ್ಲ. ವಾರಗಿತ್ತಿಯರ ಲೆಕ್ಕವೇ ಬೇರೆ, ಅದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಎರಡನೆಯ ಕಡೆ ಪ್ರತಿ ಇಟ್ಟುಕೊಳ್ಳಿ ಎಂದು ಅವಳು ಬಹಳ ಸಲ ಹೇಳಿದ ಮೇಲೆ ಅಕ್ಕ ಒಂದು ಹಾರ್ಡ್ ಡಿಸ್ಕ್ ಕೊಂಡು, ಎಲ್ಲ ಫೋಟೋಗಳನ್ನೂ ಅದಕ್ಕೆ ತುಂಬಿ, ನಿನ್ನ ಮಾತು ಕೇಳಿದ್ದೇನೆ ನೋಡು ಎಂದು ಬೀಗಿದ್ದಳು. ಆದರೆ ಆ ಡಿಸ್ಕಿನ ತಂತಿಯನ್ನು ಕಂಪ್ಯೂಟರಿನಿಂದ ಒಮ್ಮೆಯೂ ಕೀಳಲಿಲ್ಲ. ದಿನಾ ಚುಚ್ಚಿ ದಿನಾ ಕೀಳುವ ಕಿರಿಕಿರಿ ಯಾರಿಗೆ ಬೇಕು ಎಂಬುದು ಅವಳ ವಾದ.

ಒಂದು ಭಾನುವಾರ ವಾರಗಿತ್ತಿ ಸ್ಟುಡಿಯೋಗೆ ಬಂದಾಗ ಆ ತಂತಿ ನೋಡಿದಳು. ಗಂಡ ಮರೆಯದಿರಲಿ ಎಂದು ಪರದೆಯ ಅಂಚಿಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿ ನೋಡಿದಳು. ಕಂಪ್ಯೂಟರಿಗೂ ಇಮೇಲಿಗೂ ಅದೊಂದೇ ಪಾಸ್‌ವರ್ಡು, ಅದೂ ಸ್ಟುಡಿಯೋದ ಹೆಸರೇ. ಅಷ್ಟರಲ್ಲಿ ಮೂಲೆಯ ಚೌಕವೂ ಎದ್ದಿತು, ಅಕ್ಕ ಅವಳ ಕಣ್ಣೆದುರೇ ಅದನ್ನು ಆಮೇಲಕ್ಕೆ ಅಟ್ಟಿದಳು. ವಾರಗಿತ್ತಿಗೆ ತಡೆಯಲಾಗಲಿಲ್ಲ. ಕಂಪ್ಯೂಟರಿನ ಬಾಗಿಲಲ್ಲಿ ಎಲ್ಲೆಲ್ಲಿ ಬಿರುಕಿದೆ ಎಂಬುದು ಕಳ್ಳರಿಗೆ ಮೊದಲು ಗೊತ್ತಾಗುತ್ತದೆ, ಅಪ್‌ಡೇಟ್ ಎಂದರೆ ಆ ಬಿರುಕು ಮುಚ್ಚುವ ಗಾರೆ ಕೆಲಸ ಎಂದು ಬಿಡಿಸಿ ಹೇಳಿದಳು. ಡಿಸ್ಕನ್ನು ಸದಾ ಸಿಕ್ಕಿಸಿಟ್ಟರೆ ಅದು ಎರಡನೆಯ ಕಡೆ ಆಗುವುದಿಲ್ಲ, ಅದೂ ಅದೇ ಮನೆಯೊಳಗಿನ ಇನ್ನೊಂದು ಕೋಣೆ ಎಂದಳು.

ಅಕ್ಕ ಮೂಗು ಮುರಿದಳು. "ಇದು ಫೋಟೋ ಅಂಗಡಿ ಕಣೇ, ನಿಮ್ಮ ದೊಡ್ಡಾಸ್ಪತ್ರೆ ಅಲ್ಲ. ಊರವರ ಮೂತಿ ಬಿಟ್ರೆ ನಮ್ಮ ಹತ್ರ ಏನಿದೆ ಅಂತ ಕಳ್ಳರು ಬರ್ತಾರೆ?"

"ಅವರಿಗೆ ಏನು ಬೇಕು ಅನ್ನೋದು ಮುಖ್ಯ ಅಲ್ಲ ಅಕ್ಕ. ನಿಮಗೆ ಯಾವುದು ಇಲ್ದೆ ಆಗಲ್ಲವೋ ಅದಕ್ಕೆ ಬೀಗ ಜಡೀತಾರೆ. ಆಮೇಲೆ ಬೀಗದ ಕೈಗೆ ದುಡ್ಡು ಕೇಳ್ತಾರೆ."

ನಿಮ್ಮ ಆಫೀಸಿನ ಭಯವನ್ನೆಲ್ಲ ನನ್ನ ಅಂಗಡಿಗೆ ತಂದು ಸುರಿಯಬೇಡ ಎಂದು ಅಕ್ಕ ನಕ್ಕುಬಿಟ್ಟಳು. ಗಂಡನೂ ಹೆಂಡತಿಯ ಕಡೆಗೇ ಸೇರಿಕೊಂಡು ಒಂದೆರಡು ಕುಚೋದ್ಯದ ಮಾತು ಆಡಿದ. ವಾರಗಿತ್ತಿ ಮುಖ ಸಣ್ಣ ಮಾಡಿಕೊಂಡು ಹೊರಟುಹೋದಳು.

ಎಡವಟ್ಟು ನಡೆದದ್ದು ಮದುವೆಗಳ ಕಾಲದಲ್ಲಿ. ಆಲ್ಬಮ್ ಕೆಲಸ ತಲೆಯ ಮೇಲೆ ಕೂತಿತ್ತು. ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಲಿಂಕ್ ಹಾಕಿದರು. ದುಬಾರಿ ಬೆಲೆಯ ಆಲ್ಬಮ್ ಸಾಫ್ಟ್‌ವೇರ್, ಬೀಗ ಒಡೆದ ಕಳ್ಳ ಪ್ರತಿ, ಬಿಟ್ಟಿಗೆ ಸಿಗುತ್ತದೆ ಎಂದು ಬರೆದಿತ್ತು. ಅಕ್ಕ ಇಳಿಸಿಕೊಂಡಳು. ಅದರ ಜೊತೆ ಒಂದು ಸೂಚನೆಯೂ ಬಂತು. ಇದನ್ನು ಹಾಕುವ ಮೊದಲು ನಿಮ್ಮ ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಆಂಟಿವೈರಸ್ ಎಂದರೆ ಕಂಪ್ಯೂಟರಿನ ಕಾವಲುಗಾರ. ಕಳ್ಳನೇ ಬಂದು, ಅಮ್ಮಾ, ನಿಮ್ಮ ಕಾವಲುಗಾರನನ್ನು ಸ್ವಲ್ಪ ಮನೆಗೆ ಕಳಿಸಿ, ನಾನು ಒಳಗೆ ಬರಬೇಕು ಎಂದು ಕೇಳಿದ ಹಾಗಿತ್ತು. ಅಕ್ಕ ಕಳಿಸಿದಳು. ಹೇಗೂ ಅದು ಕಂಪ್ಯೂಟರನ್ನು ನಿಧಾನ ಮಾಡುತ್ತದೆ ಎಂದು ಅವಳಿಗೆ ಅದರ ಮೇಲೆ ಮೊದಲಿಂದಲೂ ಮುನಿಸಿತ್ತು.

ಸಾಫ್ಟ್‌ವೇರ್ ಸೊಗಸಾಗಿ ಕೆಲಸ ಮಾಡಿತು. ಅಕ್ಕ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ನೆಲ ಗುಡಿಸಿ, ಕಂಪ್ಯೂಟರಿನ ಮುಂದೆ ಕೂತಳು. ಪರದೆಯೆಲ್ಲ ಕಪ್ಪಾಗಿತ್ತು. ನಡುವೆ ಕೆಂಪು ಅಕ್ಷರಗಳಿದ್ದವು. ನಿಮ್ಮ ಎಲ್ಲ ಫೈಲುಗಳಿಗೂ ಬೀಗ ಹಾಕಲಾಗಿದೆ, ಬೀಗದ ಕೈ ಬೇಕಾದರೆ ಹಣ ಕಳಿಸಿ. ಅಕ್ಕ ಕಂಪ್ಯೂಟರ್ ಆರಿಸಿ ಮತ್ತೆ ಹೊತ್ತಿಸಿದಳು. ಫೋಟೋಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿದ್ದವು, ಒಂದೂ ತೆರೆಯಲಿಲ್ಲ. ಡಿಸ್ಕ್ ನೆನಪಾಗಿ ಸ್ವಲ್ಪ ಜೀವ ಬಂತು. ಅದು ತಂತಿಯ ತುದಿಯಲ್ಲಿ ಎಂದಿನಂತೆ ಹಸಿರು ದೀಪ ಮಿನುಗಿಸುತ್ತ ಕೂತಿತ್ತು. ಅದರೊಳಗೂ ಅದೇ ಬೀಗ. ಕಳ್ಳ ತಂತಿ ಹಿಡಿದುಕೊಂಡು ಆ ಕೋಣೆಗೂ ಹೋಗಿ ಬಂದಿದ್ದ.

ಮೊದಲು ಅವಳ ಕಣ್ಣ ಮುಂದೆ ಬಂದದ್ದು ಮದುವೆ ಆಲ್ಬಮ್‌ಗಳಲ್ಲ. ದೊಡ್ಡ ಜೇಬಿನ ಫ್ರಾಕು.

ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಸಾಲ ಮಾಡಿಯಾದರೂ ಕೊಟ್ಟುಬಿಡೋಣ ಎಂದ. ಅಕ್ಕ ನಾಚಿಕೆ ಬಿಟ್ಟು ವಾರಗಿತ್ತಿಗೆ ಫೋನ್ ಮಾಡಿದಳು. ನಾನು ಹೇಳಿರಲಿಲ್ಲವೇ ಎಂಬ ಮಾತು ಬರುತ್ತದೆ ಎಂದು ಕಾದಳು. ಬರಲಿಲ್ಲ. ಮೊದಲು ಇಂಟರ್‌ನೆಟ್ ಕಿತ್ತುಹಾಕಿ, ಯಾವುದನ್ನೂ ಅಳಿಸಬೇಡಿ, ದುಡ್ಡು ಮಾತ್ರ ಕಳಿಸಬೇಡಿ, ನಾನು ಬಂದೆ ಎಂದಳು ಅವಳು. ಬಂದವಳು ಬೇರೆ ಕಂಪ್ಯೂಟರಿನಿಂದ ಅವರ ಇಮೇಲಿನ ಪಾಸ್‌ವರ್ಡ್ ಬದಲಾಯಿಸಿದಳು. ತಡವಾಗಿತ್ತು. ಸ್ಟುಡಿಯೋ ಹೆಸರಿನಲ್ಲಿ ಗಿರಾಕಿಗಳಿಗೆಲ್ಲ, ನಿಮ್ಮ ಆಲ್ಬಮ್ ಸಿದ್ಧವಾಗಿದೆ, ಇಲ್ಲಿ ಒತ್ತಿ ಎಂಬ ಪತ್ರ ಹೋಗಿಯಾಗಿತ್ತು. ಒಬ್ಬ ನಿವೃತ್ತ ಮೇಷ್ಟ್ರು ಒತ್ತಿ, ಅವರ ಕಂಪ್ಯೂಟರಿಗೂ ಬೀಗ ಬಿದ್ದಿತ್ತು. ಸ್ಟುಡಿಯೋದವರು ಕಳಿಸಿದ್ದಲ್ಲವೇ ಎಂದು ನಂಬಿ ಒತ್ತಿದೆ ಎಂದರು ಅವರು. ಆ ನಂಬಿಕೆಯ ಮಾತು ಕೇಳಿ ಅಕ್ಕನಿಗೆ ಕೂತ ನೆಲ ಬಿರಿಯಬಾರದೇ ಎನಿಸಿತು.

ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಅಲ್ಲಿಯ ಅಧಿಕಾರಿ ಸಮಾಧಾನದಿಂದಲೇ ಕೇಳಿಸಿಕೊಂಡರು. ದುಡ್ಡು ಕೊಟ್ಟವರಿಗೂ ಬೀಗದ ಕೈ ಸಿಗದೆ ಹೋದದ್ದುಂಟು, ಕೊಟ್ಟರೆ ಅವರಿಗೆ ಇನ್ನೊಂದು ಅಂಗಡಿಗೆ ನುಗ್ಗಲು ನೀವೇ ಬಂಡವಾಳ ಹಾಕಿದಂತೆ ಎಂದರು. ಕೆಲವು ಬೀಗಗಳಿಗೆ ಎಷ್ಟೋ ಕಾಲದ ನಂತರ ಕೈ ಸಿಕ್ಕಿದೆ, ಈ ಬೀಗಕ್ಕೆ ಇನ್ನೂ ಸಿಕ್ಕಿಲ್ಲ, ಡಿಸ್ಕನ್ನು ಎಸೆಯದೆ ಇಟ್ಟುಕೊಂಡಿರಿ ಎಂದೂ ಹೇಳಿದರು. ಅಕ್ಕ ಆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು.

ಆಗಲೇ ಟೈಲರಮ್ಮ ಬಂದಳು. ಈ ಸಲ ಹೊಸಿಲು ದಾಟಿ ಒಳಗೆ ಬಂದು ಕೌಂಟರಿನ ಮುಂದೆ ನಿಂತಳು. ಯಂತ್ರ ರಿಪೇರಿಗೆ ಹೋಗಿದೆ, ಇನ್ನೊಂದು ದಿನ ಬಾ ಎಂದಳು ಅಕ್ಕ. ಟೈಲರಮ್ಮ ಇನ್ನೊಂದು ದಿನ ಬಂದಳು. ಇನ್ನೂ ಬಂದಿಲ್ಲ ಎಂದು ಅಕ್ಕ ಮತ್ತೊಂದು ಸುಳ್ಳು ಹೇಳಿದಳು. ಮೂರನೆಯ ಸಲ ಅವಳು ಬರುವುದು ಕಂಡಾಗ ಹಿಂದಿನ ಕೋಣೆಗೆ ಹೋಗಿ ನೀಲಿ ಪರದೆಯ ಮರೆಯಲ್ಲಿ ನಿಂತಳು. ಆ ಹುಡುಗಿ ಇಣುಕಿ ನಕ್ಕಿದ್ದೂ ಅದೇ ಪರದೆಯ ಹಿಂದಿನಿಂದ. ಅಲ್ಲಿ ನಿಲ್ಲಲು ಅವಳಿಂದ ಆಗಲಿಲ್ಲ. ಹೊರಗೆ ಬಂದಳು.

ಟೈಲರಮ್ಮ ತಾನಾಗಿಯೇ ಮಾತು ತೆಗೆದಳು. "ನಾನು ಪೀಡಿಸ್ತಿದ್ದೀನಿ ಅಂದ್ಕೋಬೇಡಿ ಅಕ್ಕ. ಮೊನ್ನೆ ಹೊಲೀತಾ ಕೂತಿದ್ದೆ. ಅವಳಿಗೆ ಯಾವ ಕಡೆಯ ಹಲ್ಲು ಬಿದ್ದಿತ್ತು ಅಂತ ನೆನಪು ಮಾಡ್ಕೊಂಡೆ, ಬರ್ಲಿಲ್ಲ. ಎಡಗಡೇದೋ ಬಲಗಡೇದೋ. ಹೆತ್ತ ತಾಯಿಗೆ ಗೊತ್ತಾಗ್ಲಿಲ್ಲ. ಅದೊಂದನ್ನ ನೋಡಿಬಿಡ್ತೀನಿ."

ಅಕ್ಕ ಕೌಂಟರಿನ ಆಚೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ನಡೆದದ್ದೆಲ್ಲ ಹೇಳಿದಳು. ಬಿಟ್ಟಿ ಸಾಫ್ಟ್‌ವೇರು, ಮನೆಗೆ ಕಳಿಸಿದ ಕಾವಲು, ಕೀಳದ ತಂತಿ, ಯಾವುದನ್ನೂ ಮುಚ್ಚಿಡಲಿಲ್ಲ. ಟೈಲರಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಒಂದೇ ಮಾತು ಕೇಳಿದಳು.

"ಅವರಿಗೆ ನನ್ನ ಮಗಳ ಫೋಟೋ ಯಾಕೆ ಬೇಕಿತ್ತು?"

"ಬೇಕಿರಲಿಲ್ಲ ಕಣಮ್ಮಾ," ಅಕ್ಕ ಅಂದಳು. "ಅವರು ಅದನ್ನ ನೋಡಿಯೂ ಇರಲ್ಲ."

ಗಂಡ ಅಷ್ಟರಲ್ಲಿ ಬಿಸ್ಕತ್ತಿನ ಡಬ್ಬಿ ತಂದು ಕೌಂಟರಿನ ಮೇಲೆ ಸುರಿದಿದ್ದ. ಮೂವರೂ ಬಗ್ಗಿ ಹುಡುಕಿದರು. ದಿನಸಿ ಅಂಗಡಿಯವನು, ಮೇಷ್ಟ್ರು, ಯಾರದೋ ಅಜ್ಜಿ, ಕೆಲಸಕ್ಕೆ ಅರ್ಜಿ ಹಾಕಿದ ಹುಡುಗರು. ತಳದಲ್ಲಿ ಹುಡುಗಿ ಸಿಕ್ಕಿದಳು. ಉಗುರಿಗಿಂತ ಸ್ವಲ್ಪ ದೊಡ್ಡ ಮುಖ. ನೇರ ಕೂತಿದ್ದಾಳೆ, ಕಣ್ಣಲ್ಲಿ ನಗು ತುಳುಕುತ್ತಿದೆ, ತುಟಿ ಗಟ್ಟಿಯಾಗಿ ಮುಚ್ಚಿದೆ. ಮುಚ್ಚಿಸಿದವಳು ಅಕ್ಕನೇ.

ಟೈಲರಮ್ಮ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. "ಇವಳು ಇಷ್ಟು ಸುಮ್ಮನೆ ಯಾವತ್ತೂ ಕೂತೋಳಲ್ಲ," ಎಂದಳು. ಆಮೇಲೆ ಇಬ್ಬರನ್ನೂ ನೋಡಿ, ನೀವು ಅವತ್ತು ಅಷ್ಟು ಫೋಟೋ ತೆಗೆದಿರಲ್ಲ, ನಿಮಗಾದರೂ ನೆನಪಿದೆಯೇ, ಯಾವ ಕಡೆಯ ಹಲ್ಲು ಎಂದು ಕೇಳಿದಳು. ಗಂಡ ಎಡಗಡೆ ಎಂದ. ಅದೇ ಹೊತ್ತಿಗೆ ಅಕ್ಕ ಬಲಗಡೆ ಎಂದಳು. ಟೈಲರಮ್ಮ ಫೋಟೋವನ್ನು ರವಿಕೆಯ ಅಳತೆ ಚೀಟಿಯೊಂದರಲ್ಲಿ ಮಡಚಿಕೊಂಡು ತನ್ನ ಅಂಗಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಇವತ್ತಿಗೂ ಅನ್ನಿಸುತ್ತದೆ.

ಸ್ಟುಡಿಯೋಗೆ ಹೊಸ ಕಂಪ್ಯೂಟರ್ ಬಂತು. ಅಪ್‌ಡೇಟ್ ಚೌಕ ಎದ್ದ ಮೊದಲ ದಿನವೇ ಅಕ್ಕ 'ಈಗ' ಎಂಬ ಗುಂಡಿ ಒತ್ತಿದಳು. ಬಣ್ಣ ಕೆಟ್ಟಿತು, ಮುಖಗಳು ಮತ್ತೆ ಹಳದಿಯಾದವು. ವಾರಗಿತ್ತಿ ಹೇಳಿದ ಹಾಗೆ ಪ್ರಿಂಟರಿನ ಬಣ್ಣ ಹೊಂದಿಸುತ್ತ ಕೂತಳು. ಒಂದೆರಡು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಇಷ್ಟೇನಾ ಎಂದು ಅಕ್ಕ ಕೇಳಿದಳು. ಇಷ್ಟೇ ಅಕ್ಕ ಎಂದಳು ವಾರಗಿತ್ತಿ. ಒಂದೆರಡು ಗಂಟೆಯ ಈ ಕೆಲಸಕ್ಕೆ ಹೆದರಿ ಅಕ್ಕ ವರ್ಷಗಟ್ಟಲೆ 'ಆಮೇಲೆ' ಒತ್ತಿದ್ದಳು. ಅವತ್ತು ಅಕ್ಕ ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತದ್ದನ್ನು ನೋಡಿದವಳು ವಾರಗಿತ್ತಿ ಒಬ್ಬಳೇ. ಅವಳು ಬೆನ್ನು ಸವರುತ್ತ ಪಕ್ಕದಲ್ಲಿ ಕೂತಿದ್ದಳು.

ಈಗ ಪರದೆಯ ಅಂಚಿನಲ್ಲಿ ಚೀಟಿ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡು, ಊಹಿಸಲಾಗದಷ್ಟು ಉದ್ದದ್ದು. ಇಮೇಲಿಗೆ ಅದರ ಮೇಲೆ ಫೋನಿಗೆ ಬರುವ ಸಂಖ್ಯೆಯ ಎರಡನೆಯ ಬೀಗ. ಗಂಡ ಮೊದಮೊದಲು ಗೊಣಗಿದ, ಆಮೇಲೆ ತಾನೇ ಗುಂಪಿನಲ್ಲಿ ಲಿಂಕ್ ಹಾಕುವವರನ್ನು ಗದರಿಸತೊಡಗಿದ. ವಾರದ ಕೊನೆಗೆ ಫೋಟೋಗಳನ್ನು ಹೊಸ ಡಿಸ್ಕಿಗೆ ತುಂಬಿ, ತಂತಿ ಕಿತ್ತು, ಅದನ್ನು ವಾರಗಿತ್ತಿಯ ಮನೆಯಲ್ಲಿ ಇಟ್ಟು ಬರುತ್ತಾರೆ. ಒಮ್ಮೆಯೂ ಅವಳ ಮಾತು ಒಪ್ಪದಿದ್ದ ಅಕ್ಕ ಈಗ ಇಡೀ ಬೀದಿಯ ಮುಖಗಳನ್ನು ಅವಳ ಬೀರುವಿನಲ್ಲಿ ನಂಬಿ ಇಟ್ಟಿದ್ದಾಳೆ. ಹಳೆಯ ಡಿಸ್ಕ್ ಮಾತ್ರ ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕನ ಮನೆಯಲ್ಲೇ ಇದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಹತ್ತಿರ ಕದಿಯುವಂಥದ್ದು ಏನಿದೆ ಎಂದು ನೀವೂ ಕೇಳುತ್ತೀರಿ. ಒಂದು ನಿಮಿಷ ಯೋಚಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಯಾರ ನಗು ಇದೆ, ಯಾರು ನಂಬಿ ಕೊಟ್ಟದ್ದು ಇದೆ. ಅಪ್‌ಡೇಟ್ ಕೇಳಿದರೆ ಈಗಲೇ ಹಾಕಿ. ಆಂಟಿವೈರಸ್ ಆಫ್ ಮಾಡಿ ಎಂದು ಹೇಳುವ ಯಾವ ಸಾಫ್ಟ್‌ವೇರನ್ನೂ ಒಳಗೆ ಬಿಟ್ಟುಕೊಳ್ಳಬೇಡಿ, ಬಿಟ್ಟಿ ಎಂದರೂ ಬೇಡ. ಗೊತ್ತಿದ್ದವರ ಹೆಸರಿನಲ್ಲಿ ಬಂದ ಲಿಂಕಾದರೂ ಒಂದು ಫೋನ್ ಮಾಡಿ ಕೇಳಿದ ಮೇಲೇ ಒತ್ತಿ. ಒಂದೇ ಪಾಸ್‌ವರ್ಡನ್ನು ಎಲ್ಲದಕ್ಕೂ ಇಡಬೇಡಿ. ಅಕಸ್ಮಾತ್ ಬೀಗ ಬಿದ್ದರೆ ಇಂಟರ್‌ನೆಟ್ ಕೀಳಿ, ದುಡ್ಡು ಕಳಿಸಬೇಡಿ, ನಾಚಿಕೆಪಡದೆ ಪೊಲೀಸರಿಗೂ ನಿಮ್ಮ ಜೊತೆ ವ್ಯವಹರಿಸುವವರಿಗೂ ತಿಳಿಸಿ. ಮುಚ್ಚಿಟ್ಟಷ್ಟೂ ಇನ್ನೊಬ್ಬರು ಸಿಕ್ಕಿಬೀಳುತ್ತಾರೆ.

ಟೈಲರಮ್ಮ ಈಗಲೂ ಬಟ್ಟೆ ಕೊಡಲು ಹೋಗುವಾಗ ಸ್ಟುಡಿಯೋದ ಬಾಗಿಲಲ್ಲಿ ನಿಂತು, ಬೀಗದ ಕೈ ಸಿಕ್ಕಿತಾ ಅಕ್ಕ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಕಣಮ್ಮಾ ಎನ್ನುತ್ತಾಳೆ ಅಕ್ಕ. ಆ ಪ್ರಶ್ನೆಗೆ ಆ ಉತ್ತರ ಕೊಡುವ ಗತಿ ನಿಮಗೆ ಬರುವುದು ಬೇಡ. ಈ ಹಾಳೆಯನ್ನು ಕೆಳಗಿಡಿ. ನಿಮ್ಮ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿದ್ದೇ ಇದ್ದರೆ, ಎದ್ದು ಹೋಗಿ ಆ ತಂತಿ ಕಿತ್ತಿಟ್ಟು ಬನ್ನಿ.